ನಮ್ಮೂರ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ಗಂಟೆ ಮಾತಿಗೂ ಜಾಗ ಕೊಡಿ

ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಹೊಣೆ ಹೊತ್ತಿರುವ ಮಂತ್ರಿಗಳಿಗೆ, ಅಧಿಕಾರಿಗಳಿಗೆ, ಮತ್ತು ನನ್ನ ಹಾಗೆ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುವ ಎಲ್ಲರಿಗೂ ನಮಸ್ಕಾರ.

ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟಿದರೆ ನೂರಕ್ಕೆ ಐದು ರೂಪಾಯಿ ರಿಯಾಯಿತಿ ಇದೆ. ಹಾಗಾಗಿ ನಾನು ಪ್ರತಿ ವರ್ಷ ಆ ತಿಂಗಳಲ್ಲೇ ಕಟ್ಟಿಬಿಡುತ್ತೇನೆ. ಈ ಸಲ ರಶೀದಿಯನ್ನು ಮನೆಗೆ ತಂದು, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ಓದಿದೆ. ಆಸ್ತಿ ತೆರಿಗೆ. ಆರೋಗ್ಯ ಕರ. ಭಿಕ್ಷುಕರ ಕರ. ಗ್ರಂಥಾಲಯ ಕರ. ಈ ಕೊನೆಯದು ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ. ಎರಡು ಸಾವಿರ ತೆರಿಗೆ ಇದ್ದವರು 120 ರೂಪಾಯಿ ಕಟ್ಟುತ್ತಾರೆ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅನ್ನೋ ಹೆಸರಿದ್ದಾಗ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. ಜನ ತಮ್ಮ ಓದಿಗೆ ತಾವೇ ಒಂದಿಷ್ಟು ಕೊಡಬೇಕು ಅನ್ನೋ ಈ ಏರ್ಪಾಡು ಆ ಕಾಯ್ದೆಯಿಂದ ಬಂದದ್ದು. ನನಗೆ ಇದು ತುಂಬಾ ಒಳ್ಳೆಯ ಏರ್ಪಾಡು ಅನ್ನಿಸುತ್ತದೆ. ಖುಷಿಯಿಂದಲೇ ಕಟ್ಟುತ್ತೇನೆ.

ಆದರೆ ಆ ರಶೀದಿ ಕೈಯಲ್ಲಿ ಹಿಡಿದಾಗ ಒಂದು ಯೋಚನೆ ಬಂತು. ನಮ್ಮ ಬೀದಿಯಲ್ಲಿ ಈ ಕರ ಕಟ್ಟುವ ಮನೆಗಳು ಮೂವತ್ತೋ ನಲವತ್ತೋ ಇರಬಹುದು. ಅವುಗಳಲ್ಲಿ ಎಷ್ಟು ಮನೆಯ ಹೆಂಗಸರು ಒಂದು ದಿನವಾದರೂ ಗ್ರಂಥಾಲಯದ ಒಳಗೆ ಹೋಗಿದ್ದಾರೆ? ಎಷ್ಟು ಮಕ್ಕಳು ಹೋಗಿದ್ದಾರೆ? ನಾನೇ ಮನೆಮನೆಗೆ ಹೋಗಿ ಕೇಳಿದೆ. ಹೋಗಿದ್ದೇವೆ ಅಂದವರು ನಾಲ್ಕು ಮನೆಯವರು. ಆ ನಾಲ್ಕೂ ಮನೆಗಳಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗರಿದ್ದರು.

ನಾನು ಯಾರು ಅಂತ ಹೇಳಿಬಿಡುತ್ತೇನೆ. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಊರು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ. ಕಡಲೆಕಾಯಿ ಬೆಳೆಯುವ ಸೀಮೆ, ಸುತ್ತಮುತ್ತ ಗೊಲ್ಲರಹಟ್ಟಿಗಳಿವೆ. ಊರಿನ ಹೆಸರು ಬರೆಯುತ್ತಿಲ್ಲ. ಯಾಕಂದರೆ ಇದು ಯಾರೋ ಒಬ್ಬರ ಮೇಲಿನ ದೂರು ಅಲ್ಲ. ನಮ್ಮಂಥ ಎಷ್ಟೋ ಊರುಗಳಲ್ಲಿ ಇದೇ ಕಥೆ ಇರಬಹುದು.

ನಮ್ಮ ಗ್ರಂಥಾಲಯದಲ್ಲಿ ಎರಡು ಕೋಣೆ, ಒಂದು ವರಾಂಡ. ಮುಂದಿನ ಕೋಣೆಯಲ್ಲಿ ಪೇಪರ್ ಓದುವ ಮೇಜು. ಹಿಂದಿನ ಕೋಣೆಯಲ್ಲಿ ಪುಸ್ತಕದ ಬೀರುಗಳು. ಬೆಳಿಗ್ಗೆ ಪಿಂಚಣಿದಾರರು ಬಂದು ಪೇಪರ್ ಓದಿ ಹೋಗುತ್ತಾರೆ. ಆಮೇಲೆ ಬಾಗಿಲು ಹಾಕುವವರೆಗೂ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಪೊಲೀಸ್, ಪಿಡಿಒ, ಎಫ್‌ಡಿಎ, ಎಸ್‌ಡಿಎ. ಗೈಡುಗಳನ್ನು ಅವರೇ ತರುತ್ತಾರೆ, ನೀರಿನ ಬಾಟಲಿಯನ್ನೂ ಅವರೇ ತರುತ್ತಾರೆ. ಗ್ರಂಥಾಲಯದಿಂದ ಅವರಿಗೆ ಬೇಕಾದದ್ದು ಒಂದು ಕುರ್ಚಿ, ಒಂದು ಫ್ಯಾನು, ಸ್ವಲ್ಪ ಮೌನ. ಒಂದೇ ಕೋಣೆಯ ಮನೆಯಲ್ಲಿ ಐದು ಜನರ ಜೊತೆ ಇರುವ ಹುಡುಗಿಗೆ ಆ ಕುರ್ಚಿಯ ಬೆಲೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಅದನ್ನು ಯಾರೂ ಅವಳಿಂದ ಕಿತ್ತುಕೊಳ್ಳಬಾರದು.

ಆದರೆ ಗ್ರಂಥಾಲಯ ಅಷ್ಟೇನಾ?

ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ಲೈಬ್ರರಿ ಮೇಡಂ ಹತ್ತಿರ ಹೋಗಿ ಕೇಳಿದೆ. ಭಾನುವಾರ ಸಂಜೆ ನಾಲ್ಕರಿಂದ ಐದರವರೆಗೆ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಕಥೆ ಓದಿ ಹೇಳಲಾ ಅಂತ. ಅವರಿಗೂ ಆಸೆ ಇತ್ತು. ಹೂಂ ಅಂದರು. ಮೊದಲ ಭಾನುವಾರ ಒಂಬತ್ತು ಮಕ್ಕಳು ಬಂದರು. ನಾಲ್ಕನೆಯ ಭಾನುವಾರಕ್ಕೆ ನಲವತ್ತು ದಾಟಿತು. ಹೊರಗೆ ಚಪ್ಪಲಿ ಬಿಡೋಕೂ ಜಾಗ ಸಾಲದೆ ಹೋಯಿತು.

ನಾನು ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಒಂದು ಪುಸ್ತಕ ಹಿಡಿದು ನಿಧಾನವಾಗಿ ಓದುತ್ತಿದ್ದೆ. ಅರ್ಧಕ್ಕೆ ನಿಲ್ಲಿಸಿ ಮುಂದೇನಾಗಬಹುದು ಅಂತ ಕೇಳುತ್ತಿದ್ದೆ. ಮಕ್ಕಳು ತಮ್ಮದೇ ಕಥೆ ಕಟ್ಟುತ್ತಿದ್ದರು. ಎರಡನೆಯ ವಾರ ಒಬ್ಬ ಹುಡುಗ ಹಳೇ ರಟ್ಟಿನ ಡಬ್ಬ ಕತ್ತರಿಸಿ ನರಿ, ಕಾಗೆ ಮಾಡಿಕೊಂಡು ಬಂದ. ಅವನ ಊರಿನ ಜಾತ್ರೆಯಲ್ಲಿ ತೊಗಲುಗೊಂಬೆ ಆಟ ನೋಡಿದ್ದನಂತೆ. ಬಿಳಿ ಪಂಚೆ ಕಟ್ಟಿ, ಹಿಂದಿನಿಂದ ಟಾರ್ಚ್ ಬಿಟ್ಟು, ಮಕ್ಕಳೇ ಆಟ ಆಡಿದರು. ಬೀರುವಿನ ಬೀಗ ಆಮೇಲೆ ತೆಗೆಯಲೇಬೇಕಾಯಿತು. ಏಕೆಂದರೆ ನರಿ ಕಥೆ ಇನ್ನೂ ಬೇಕು, ಪುಸ್ತಕ ಕೊಡಿ ಅಂತ ಮಕ್ಕಳು ಮೇಡಂ ಹಿಂದೆ ಬಿದ್ದಿದ್ದರು. ವರ್ಷಗಟ್ಟಲೆ ಯಾರೂ ಮುಟ್ಟದೆ ಇದ್ದ ಮಕ್ಕಳ ಪುಸ್ತಕಗಳು ಆ ತಿಂಗಳು ಹೊರಗೆ ಬಂದವು.

ಆಗ ನಾನು ನೆನೆಸದೇ ಇದ್ದ ಎರಡು ಸಂಗತಿ ನಡೆದವು. ಅವೆರಡಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಒಂದು, ಹಟ್ಟಿಯ ಅಜ್ಜಿ. ಮೊಮ್ಮಗನನ್ನು ಕರೆದುಕೊಂಡು ಬರುತ್ತಿದ್ದರು. ಅವನನ್ನು ಒಳಗೆ ಬಿಟ್ಟು ತಾವು ಹೊಸ್ತಿಲ ಆಚೆ ಕೂರುತ್ತಿದ್ದರು. ಒಳಗೆ ಬನ್ನಿ ಅಜ್ಜಿ ಅಂದೆ. "ನಾನು ಓದ್ದೋಳಲ್ಲ ಕಣವ್ವ, ಒಳಕ್ ಬರಬೌದಾ?" ಅಂದರು. ಈ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಎಪ್ಪತ್ತು ವರ್ಷ ದಾಟಿದ ಹೆಂಗಸು, ತನ್ನದೇ ಊರಿನ ಸರ್ಕಾರಿ ಗ್ರಂಥಾಲಯದ ಬಾಗಿಲಲ್ಲಿ ಕೂತು, ಒಳಗೆ ಬರಬಹುದಾ ಅಂತ ಕೇಳಬೇಕಾಯಿತು. ಒಳಗೆ ಬಂದ ಮೇಲೆ ಅವರು ಹೇಳಿದ, ಕಾಡುಗೊಲ್ಲರ ವೀರ ಜುಂಜಪ್ಪನ ಕಥೆ ನಮ್ಮ ಯಾವ ಬೀರುವಿನಲ್ಲೂ ಇರಲಿಲ್ಲ. ಮುಂದಿನ ವಾರ ಅವರೇ ಹಟ್ಟಿಯಿಂದ ಗಣೆ ಊದುವ ಒಬ್ಬರನ್ನು ಕರೆತಂದರು. ಉದ್ದನೆಯ ಬಿದಿರಿನ ಆ ಕೊಳಲನ್ನು ಪೇಟೆಯ ಮಕ್ಕಳು ಮೊದಲ ಸಲ ಹತ್ತಿರದಿಂದ ನೋಡಿದರು. ಮುಟ್ಟಿ ನೋಡಿದರು. ಊದಲು ಹೋಗಿ ಗಾಳಿ ಮಾತ್ರ ಬಂದಾಗ ಅಜ್ಜಿ ಬಾಯಿ ತುಂಬಾ ನಕ್ಕರು.

ಚಳ್ಳಕೆರೆ ಸೀಮೆಯ ಸಿರಿಯಜ್ಜಿಯನ್ನು ನೀವು ಕೇಳಿರುತ್ತೀರಿ. ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳನ್ನು, ಅಂದರೆ ಜನಪದ ಹಾಡುಗಳನ್ನು, ಬಾಯಲ್ಲೇ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರು ತಮ್ಮ ಹಾಲಕ್ಕಿ ಒಕ್ಕಲಿಗ ಜನರ ಹಾಡುಗಳನ್ನು ಹಾಗೇ ಕಾಪಾಡಿದರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಇಂಥವರು ದೊಡ್ಡ ಹೆಸರಾದ ಮೇಲೆ ನಮಗೆ ಗೊತ್ತಾಗುತ್ತಾರೆ. ಹೆಸರಾಗದೆ ಉಳಿದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರು ಹೋದರೆ ಅವರ ಜೊತೆ ಪದಗಳೂ ಹೋಗುತ್ತವೆ. ಕೇಳಿಸಿಕೊಳ್ಳುವ ಮಕ್ಕಳು, ಒಂದು ಚಾಪೆ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಜೋಪಾನವಾಗಿ ಇಡುವ ಒಬ್ಬರು. ಇಷ್ಟನ್ನು ಊರಿನ ಗ್ರಂಥಾಲಯವಲ್ಲದೆ ಇನ್ನು ಯಾರು ಕೊಡಬೇಕು?

ಎರಡನೆಯದು, ಒಬ್ಬ ತಾಯಿ. ಮಗಳನ್ನು ಕಥೆಗೆ ಬಿಟ್ಟು ಹೊರಗೆ ಕಾಯುತ್ತಿದ್ದಳು. ಒಂದು ದಿನ ಹತ್ತಿರ ಬಂದು ಮೊಬೈಲ್ ಚಾಚಿದಳು. "ಮೇಡಂ, ಇದ್ರಾಗೆ ದುಡ್ ಬಂದೈತೆ ಅಂತ ಐತಾ, ಒಸಿ ನೋಡಿ." ಗೃಹಲಕ್ಷ್ಮಿಯ ಎರಡು ಸಾವಿರದ ಮೆಸೇಜು. ಅದು ಇಂಗ್ಲಿಷಿನಲ್ಲಿತ್ತು. ತಿಂಗಳು ತಿಂಗಳು ಆ ಮೆಸೇಜನ್ನು ಅಂಗಡಿಯವರಿಗೆ ತೋರಿಸಿ ಕೇಳುತ್ತಿದ್ದಳಂತೆ. ಮುಂದಿನ ವಾರ ಅವಳು ಸಂಘದ ಪಾಸ್‌ಬುಕ್ ತಂದಳು. ಅದರ ಮುಂದಿನ ವಾರ ಅವಳ ಜೊತೆ ಇನ್ನೂ ಮೂವರು ಬಂದರು. ಒಬ್ಬರಿಗೆ ಪಹಣಿಯಲ್ಲಿ ಏನು ಬರೆದಿದೆ ಅಂತ ತಿಳಿಯಬೇಕಿತ್ತು. ಇನ್ನೊಬ್ಬರಿಗೆ ಮಗನ ವಿದ್ಯಾರ್ಥಿವೇತನದ ಅರ್ಜಿ. ಒಬ್ಬರು ಮಾತ್ರ ಏನೂ ತಂದಿರಲಿಲ್ಲ. "ನನ್ ಹೆಸರು ಬರೆಯೋದು ಹೇಳ್ಕೊಡಿ, ಹೆಬ್ಬೆಟ್ಟು ಒತ್ತಿ ಸಾಕಾಗೈತೆ" ಅಂದರು.

2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಓದು ಬರಹ ಬಲ್ಲವರು ನೂರಕ್ಕೆ 68. ಆಮೇಲೆ ಇದು ಏರಿರಬಹುದು. ಆದರೆ ಅಂದು ಹೊರಗೆ ಉಳಿದ ಮೂರರಲ್ಲಿ ಒಬ್ಬರು ಎಲ್ಲೂ ಮಾಯವಾಗಿಲ್ಲ. ನಮ್ಮ ಬೀದಿಯಲ್ಲೇ ಇದ್ದಾರೆ, ಸಂತೆಯಲ್ಲಿ ಇದ್ದಾರೆ, ಗಾರ್ಮೆಂಟ್ಸ್ ಬಸ್ಸಿನಲ್ಲಿ ಇದ್ದಾರೆ. ಬಾಡಿಗೆ ಮನೆಯವರಾದರೂ ಸರಿ, ಅವರು ಕೊಡುವ ಬಾಡಿಗೆಯ ಒಳಗೆ ಗ್ರಂಥಾಲಯ ಕರ ಸೇರಿರುತ್ತದೆ ಅಲ್ವಾ? ಬರೀ ಓದು ಬಲ್ಲವರಿಗೆ, ಅದೂ ಮೌನವಾಗಿ ಓದುವವರಿಗೆ ಮಾತ್ರ ಬಾಗಿಲು ತೆರೆದಿದ್ದರೆ, ಇವರ ದುಡ್ಡಿಗೆ ಇವರಿಗೆ ಸಿಕ್ಕಿದ್ದೇನು?

ಆ ಭಾನುವಾರಗಳು ಹೆಚ್ಚು ದಿನ ನಡೆಯಲಿಲ್ಲ. ಇದಕ್ಕೆಲ್ಲ ಯಾರು ಅನುಮತಿ ಕೊಟ್ಟರು ಅಂತ ಯಾರೋ ಕೇಳಿದರು. ಲೈಬ್ರರಿ ಮೇಡಂ ಹೆದರಿದರು. ಮಗು ಬಿದ್ದು ಪೆಟ್ಟಾದರೆ ಯಾರು ಹೊಣೆ? ಪುಸ್ತಕ ಕಳೆದರೆ ಯಾರ ಸಂಬಳದಲ್ಲಿ ಮುರಿಯುತ್ತಾರೆ? "ಬರವಣಿಗೇಲಿ ಏನೂ ಇಲ್ವಲ್ಲ ಮೇಡಂ" ಅಂದಾಗ ಅವರ ಕಣ್ಣಲ್ಲಿ ನೀರಿತ್ತು. ಅವರ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪೇಪರ್ ಜೋಡಿಸುವುದು, ರಿಜಿಸ್ಟರ್ ಬರೆಯುವುದು, ಎಲ್ಲ ಅವರೊಬ್ಬರೇ. ಅಂಥವರಿಗೆ ಒಳ್ಳೆಯ ಕೆಲಸ ಮಾಡಲು ಧೈರ್ಯ ಕೊಡುವ ಒಂದು ಹಾಳೆ ಇರಲಿಲ್ಲ. ಕೊರತೆ ಇದ್ದದ್ದು ಅಲ್ಲಿ.

ಈಗ ನಾವು ಕಾಂಪೌಂಡಿನ ಹೊರಗಿರುವ ಹೊಂಗೆ ಮರದ ಕೆಳಗೆ ಕೂರುತ್ತೇವೆ. ಕಥೆ ನಡೆಯುತ್ತಿದೆ. ಅಜ್ಜಿ ಆಗಾಗ ಬರುತ್ತಾರೆ. ಆದರೆ ಕಥೆ ಕೇಳಿದ ಮಗು ಎದ್ದು ಹೋಗಿ ತಕ್ಷಣ ಪುಸ್ತಕ ತೆಗೆದುಕೊಳ್ಳುತ್ತಿತ್ತಲ್ಲ, ಅದು ನಿಂತುಹೋಗಿದೆ. ನಡುವೆ ಒಂದು ಗೋಡೆ ಬಂದಿದೆ.

ಇದು ಹೊಸ ಆಸೆ, ಗ್ರಂಥಾಲಯಕ್ಕೆ ಸಂಬಂಧ ಇಲ್ಲದ ಕೆಲಸ ಅಂತ ದಯವಿಟ್ಟು ತಿಳಿಯಬೇಡಿ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದ ಗ್ರಂಥಾಲಯಗಳನ್ನು ನೋಡಿ ಬಂದು, 1910ರಲ್ಲಿ ಬೋರ್ಡನ್ ಅನ್ನುವ ಗ್ರಂಥಪಾಲಕರನ್ನು ಅಲ್ಲಿಂದಲೇ ಕರೆಸಿದರು. ಆ ಸಂಸ್ಥಾನದ ಗ್ರಂಥಾಲಯ ಇಲಾಖೆಯಲ್ಲಿ ಚಿತ್ರ ತೋರಿಸಿ ಕಲಿಸುವುದಕ್ಕೇ ಒಂದು ವಿಭಾಗ ಇತ್ತು. ಓದು ಬಾರದ ಜನರಿಗೆ ಊರೂರಲ್ಲಿ ಸ್ಲೈಡುಗಳನ್ನು, ಸಿನಿಮಾವನ್ನು ತೋರಿಸುತ್ತಿದ್ದರು. ಆಗ ಸಿನಿಮಾಕ್ಕೆ ಮಾತೂ ಬಂದಿರಲಿಲ್ಲ. ಓದಲು ಬಾರದವನಿಗೂ ಗ್ರಂಥಾಲಯದಲ್ಲಿ ಪಾಲಿದೆ ಅಂತ ನೂರು ವರ್ಷಕ್ಕೂ ಹಿಂದೆ ನಮ್ಮ ದೇಶದಲ್ಲೇ ಒಬ್ಬ ಅರಸ ಒಪ್ಪಿಕೊಂಡಿದ್ದ.

ನಮ್ಮಲ್ಲೂ ನಡೆದಿದೆ. 1940ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣಕ್ಕಾಗಿ ಕೆಲಸ ಮಾಡಿದವರು ಹಳ್ಳಿಗಳಲ್ಲಿ ಅಕ್ಷರ ಕಲಿಸಿದರು. ಕಲಿತವರು ಮರೆಯದಿರಲಿ ಅಂತ ಅಲ್ಲಲ್ಲಿ ಸಣ್ಣ ಗ್ರಂಥಾಲಯಗಳನ್ನೂ ತೆರೆದರು. ಅಕ್ಷರ ಮತ್ತು ಗ್ರಂಥಾಲಯ ಎರಡನ್ನೂ ಒಟ್ಟಿಗೇ ಹಿಡಿದಿದ್ದರು. ಅದಕ್ಕೂ ಹಿಂದಿನಿಂದ ನಮ್ಮಲ್ಲಿ ಜಗಲಿಯ ಮೇಲೆ ಭಾರತ ಓದಿಸುವ ಪದ್ಧತಿ ಇತ್ತು. ಒಬ್ಬರು ಗಮಕದಲ್ಲಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರೆಲ್ಲ ಕೂತು ಕೇಳುವುದು. ನನ್ನ ತಾತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕರ್ಣ ಯಾವ ಯಾವ ಹೊತ್ತಿನಲ್ಲಿ ಏನೇನು ಅಂದ ಅಂತ ಸಾಲು ಸಾಲಾಗಿ ಹೇಳುತ್ತಿದ್ದರು. ಕನ್ನಡದಲ್ಲಿ ಪುಸ್ತಕ ಅನ್ನುವುದು ಬಹಳ ಕಾಲ ಕಿವಿಯಿಂದಲೇ ಒಳಗೆ ಹೋಗಿದೆ.

1951ರ ಅಕ್ಟೋಬರ್‌ನಲ್ಲಿ ಯುನೆಸ್ಕೊ ನೆರವಿನಿಂದ ದೆಹಲಿ ಪಬ್ಲಿಕ್ ಲೈಬ್ರರಿ ಶುರುವಾಯಿತು. ನೆಹರೂ ಉದ್ಘಾಟಿಸಿದರು. ಅಲ್ಲಿ ಪುಸ್ತಕದ ಜೊತೆ ನಾಟಕ, ಚರ್ಚೆ, ಉಪನ್ಯಾಸ, ಚಲನಚಿತ್ರ ಎಲ್ಲ ಇದ್ದವು. ಈಗಷ್ಟೇ ಅಕ್ಷರ ಕಲಿತವರಿಗಾಗಿ ಬೇರೆ ವ್ಯವಸ್ಥೆಯೂ ಇತ್ತು. ಏಷ್ಯಾದ ಬೇರೆ ದೇಶಗಳಿಗೂ ಮಾದರಿಯಾಗಲಿ ಅಂತ ಮಾಡಿದ ಗ್ರಂಥಾಲಯ ಅದು.

ಪಕ್ಕದ ಕೇರಳದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1945ರಲ್ಲಿ ಪಿ. ಎನ್. ಪಣಿಕ್ಕರ್ ಅನ್ನುವ ಮೇಷ್ಟ್ರು 47 ಊರ ಗ್ರಂಥಾಲಯಗಳನ್ನು ಅಂಬಲಪುಳದಲ್ಲಿ ಒಂದೆಡೆ ಸೇರಿಸಿದರು. ಅಲ್ಲಿಂದ ಬೆಳೆದದ್ದು ಅಲ್ಲಿನ ಗ್ರಂಥಾಲಯ ಚಳವಳಿ. ಅವರು ತೀರಿಕೊಂಡ ಜೂನ್ 19ನ್ನು ಇಂದಿಗೂ ಓದುವ ದಿನ ಅಂತ ಆಚರಿಸುತ್ತಾರೆ. ನನಗೆ ಬಹಳ ಹಿಡಿಸಿದ್ದು ಅಲ್ಲಿನ ಒಂದು ಕ್ರಮ. ಊರವರೇ ಸಮಿತಿ ಮಾಡಿಕೊಂಡು ಗ್ರಂಥಾಲಯ ನಡೆಸುತ್ತಾರೆ. ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ ಇರುತ್ತವೆ. ರಾಜ್ಯದ ಗ್ರಂಥಾಲಯ ಮಂಡಳಿ ಪ್ರತಿ ಗ್ರಂಥಾಲಯಕ್ಕೂ ಶ್ರೇಣಿ ಕೊಡುತ್ತದೆ. ಶ್ರೇಣಿ ನೋಡಿ ಅನುದಾನ. ಆ ಶ್ರೇಣಿ ಕೊಡುವಾಗ ಪುಸ್ತಕ ಎಷ್ಟಿವೆ ಅಂತ ಮಾತ್ರ ನೋಡುವುದಿಲ್ಲ, ಏನೇನು ಕಾರ್ಯಕ್ರಮ ನಡೆದಿವೆ ಅನ್ನುವುದನ್ನೂ ನೋಡುತ್ತಾರೆ. ಅಂದರೆ ಅಲ್ಲಿ ಕಥೆ ಹೇಳಿಸುವುದು, ನಾಟಕ ಆಡಿಸುವುದು ಗ್ರಂಥಾಲಯದ ಲೆಕ್ಕದೊಳಗೆ ಬರುವ ಕೆಲಸ. ನಮ್ಮಲ್ಲಿ ಅದು ಲೈಬ್ರರಿ ಮೇಡಂ ಹೆದರುತ್ತಾ ಮಾಡುವ ಕೆಲಸವಾಗಿದೆ.

ನಮ್ಮ ರಾಜ್ಯದಲ್ಲೇ ಹಳ್ಳಿಗಳು ಈಗ ಒಂದು ಹೆಜ್ಜೆ ಮುಂದೆ ಹೋಗಿವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು. ಮರುವರ್ಷ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ 'ಓದುವ ಬೆಳಕು' ಶುರುವಾಯಿತು. ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಗಟ್ಟಿಯಾಗಿ ಓದುವುದು, ಕಥೆ ಹೇಳುವುದು, ಚಿತ್ರ ಬರೆಯುವುದು, ಚೆಸ್ ಆಡುವುದು ಬಂತು. ಈಗ ಅವುಗಳಿಗೆ ಅರಿವು ಕೇಂದ್ರ ಅಂತ ಹೆಸರು. ನಮ್ಮೂರಿಂದ ಎಂಟು ಕಿಲೋಮೀಟರ್ ದೂರದ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿದ್ದೆ. ಗೋಡೆಯ ತುಂಬಾ ಮಕ್ಕಳ ಚಿತ್ರ. ಚಾಪೆಯ ಮೇಲೆ ಮಕ್ಕಳು ಬೋರಲಾಗಿ ಮಲಗಿಕೊಂಡು ಓದುತ್ತಿದ್ದರು. ಒಬ್ಬಳು ತಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಮೇಲ್ವಿಚಾರಕರು ಸುಮ್ಮನಿರು ಅನ್ನಲಿಲ್ಲ. ಎಲ್ಲ ಕಡೆ ಹೀಗೇ ಇದೆ ಅಂತ ನಾನು ಹೇಳಲಾರೆ. ಆದರೆ ಸರ್ಕಾರದ ಒಂದು ಆದೇಶ, ಒಂದಿಷ್ಟು ತರಬೇತಿ ಇದ್ದರೆ ಏನಾಗುತ್ತದೆ ಅನ್ನುವುದನ್ನು ಅಲ್ಲಿ ಕಣ್ಣಾರೆ ಕಂಡೆ. ಹಳ್ಳಿಯ ಮಗುವಿಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದ ಮಗುವಿಗೆ ಯಾಕೆ ಬೇಡ?

ಹಾಗಾಗಿ ನನ್ನ ಕೋರಿಕೆ ಇದು. ಮೊದಲನೆಯದಾಗಿ, ಒಂದು ಪುಟದ ಆದೇಶ. ಪ್ರತಿ ನಗರ, ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲೂ ವಾರಕ್ಕೆ ಎರಡು ಗಂಟೆ ಕಥೆ, ಗಟ್ಟಿ ಓದು, ಹಾಡು, ನಾಟಕ, ಅಕ್ಷರ ಕಲಿಕೆ ನಡೆಸಬಹುದು ಅಂತ ಅದರಲ್ಲಿ ಇರಲಿ. ಒಳ್ಳೆಯ ಮನಸ್ಸಿನಿಂದ ನಡೆಸಿದ ಸಿಬ್ಬಂದಿಯನ್ನು ಅದಕ್ಕಾಗಿ ಪ್ರಶ್ನೆ ಮಾಡುವುದಿಲ್ಲ ಅಂತಲೂ ಇರಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆಮೇಲೆ, ನಾವು ಕಟ್ಟುವ ಗ್ರಂಥಾಲಯ ಕರದಲ್ಲಿ ಒಂದು ಸಣ್ಣ ಪಾಲು ಇದಕ್ಕೇ ಮೀಸಲಿರಲಿ. ನೂರರಲ್ಲಿ ಐದು ರೂಪಾಯಿ ಸಾಕು. ಹಟ್ಟಿಯಿಂದ ಬರುವ ಗಣೆಯವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ. ಮಕ್ಕಳಿಗೆ ಬಣ್ಣ, ಹಾಳೆ. ಎರಡು ದೊಡ್ಡ ಚಾಪೆ. ಅಕ್ಷರ ಕಲಿಯುವ ಅಮ್ಮಂದಿರಿಗೆ ಸ್ಲೇಟು. ಕಲಾವಿದರನ್ನು ಬಿಟ್ಟಿಯಾಗಿ ಕರೆಯಬೇಡಿ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಚಪ್ಪಾಳೆ ತಟ್ಟಿ ಕಳಿಸುವುದು ತಪ್ಪು. ನಾನೂ ಮೊದಮೊದಲು ಆ ತಪ್ಪು ಮಾಡಿದ್ದೆ. ಅಜ್ಜಿ ಏನೂ ಅನ್ನಲಿಲ್ಲ. ಅವರ ಮಗ ಹೇಳಿದ ಮೇಲೆ ನನಗೆ ತಿಳಿಯಿತು.

ಕರ ವಸೂಲಿ ಮಾಡುವ ಸ್ಥಳೀಯ ಸಂಸ್ಥೆಗಳಿಗೂ ಒಂದು ಮಾತು. ಅದು ಜನ ಓದಿಗೆ ಅಂತಲೇ ಕೊಟ್ಟ ದುಡ್ಡು. ಗ್ರಂಥಾಲಯಕ್ಕೆ ಅದು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ತಲುಪಬೇಕು. ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಪ್ರತಿ ಗ್ರಂಥಾಲಯದ ಬಾಗಿಲಲ್ಲೂ ವರ್ಷಕ್ಕೊಮ್ಮೆ ಬರೆದು ಹಾಕಿದರೆ ನಮಗೂ ನೆಮ್ಮದಿ.

ದುಡ್ಡು ಬಂದರೆ ಇನ್ನೊಂದು ಭಯವೂ ಇದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮಲ್ಲಿ ಕಾರ್ಯಕ್ರಮ ಅಂದ ಕೂಡಲೇ ಫ್ಲೆಕ್ಸ್, ಶಾಲು, ಹಾರ, ನೆನಪಿನ ಕಾಣಿಕೆ ಬಂದುಬಿಡುತ್ತವೆ. ವೇದಿಕೆಯ ಮೇಲೆ ಹದಿನೈದು ಜನ, ಕೆಳಗೆ ಶಾಲೆಯಿಂದ ಸಾಲಾಗಿ ಕರೆತಂದ ಮಕ್ಕಳು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಬರುತ್ತದೆ. ಪ್ರಬಂಧ ಸ್ಪರ್ಧೆ, ಭಾಷಣ, ಬಹುಮಾನ. ಅದು ಬೇಡ ಅನ್ನುವುದಿಲ್ಲ. ಆದರೆ ಮಗು ಓದುಗ ಆಗುವುದು ಸಪ್ತಾಹದಲ್ಲಲ್ಲ. ಉಳಿದ 51 ವಾರಗಳಲ್ಲಿ. ಹಾಗಾಗಿ ಈ ದುಡ್ಡಿನಲ್ಲಿ ಸನ್ಮಾನ ಇಲ್ಲ, ಫ್ಲೆಕ್ಸ್ ಇಲ್ಲ ಅಂತ ಆದೇಶದಲ್ಲೇ ಬರೆಯಿರಿ. ಪಕ್ಷದ ಪ್ರಚಾರ ಇಲ್ಲ, ಏನನ್ನೂ ಮಾರುವ ಹಾಗಿಲ್ಲ ಅಂತಲೂ ಸೇರಿಸಿ. ಯಾರನ್ನು ಕರೆಯಬೇಕು ಅಂತ ತೀರ್ಮಾನ ಮಾಡುವ ಸಣ್ಣ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಲಿ, ಪರೀಕ್ಷೆಗೆ ಓದುವವರಲ್ಲಿ ಒಬ್ಬರು ಇರಲಿ, ಹೈಸ್ಕೂಲಿನ ಇಬ್ಬರು ಮಕ್ಕಳು ಇರಲಿ. ಎಲ್ಲ ಕೇರಿಯ ಜನರೂ ಇರಲಿ. ಇಲ್ಲದಿದ್ದರೆ ಹೊಸ್ತಿಲ ಆಚೆ ಕೂರುವವರು ಆಚೆಯೇ ಉಳಿಯುತ್ತಾರೆ.

ಸದ್ದಿನ ಮಾತಿಗೆ ಬರುತ್ತೇನೆ. ಪರೀಕ್ಷೆಗೆ ಓದುವವರಿಗೆ ತೊಂದರೆ ಆಗುತ್ತದೆ ಅನ್ನುವುದು ನಿಜವಾದ ತಕರಾರು. ಮೂರನೆಯ ಭಾನುವಾರ ಒಬ್ಬ ಹುಡುಗ ಬಂದು "ಮೇಡಂ, ಮುಂದಿನ ವಾರ ಪರೀಕ್ಷೆ ಇದೆ, ಈ ಗಲಾಟೆಯಲ್ಲಿ ಓದಕ್ಕಾಗ್ತಿಲ್ಲ" ಅಂದ. ಅವನು ಹೇಳಿದ್ದು ಸರಿಯಾಗಿತ್ತು. ನಾವು ವರಾಂಡಕ್ಕೆ ಹೋದೆವು. ಹಾಡು ಇರುವ ದಿನ ಯಾವುದು ಅಂತ ಒಂದು ವಾರ ಮೊದಲೇ ಬಾಗಿಲಿಗೆ ಬರೆದು ಅಂಟಿಸಿದೆವು. ದೊಡ್ಡ ಪರೀಕ್ಷೆಯ ಹಿಂದಿನ ಭಾನುವಾರ ಕಥೆ ನಿಲ್ಲಿಸಿದೆವು. ಇಷ್ಟರಲ್ಲೇ ಜಗಳ ಮುಗಿಯಿತು. ಅದೇ ಹುಡುಗ ಪರೀಕ್ಷೆ ಬರೆದು ಬಂದ ಮೇಲೆ ಮಕ್ಕಳ ಜೊತೆ ಕೂತು ಮಗ್ಗಿ ಹೇಳಿಕೊಟ್ಟ. ಇನ್ನೊಬ್ಬಳು ಅಮ್ಮಂದಿರಿಗೆ ಅರ್ಜಿ ತುಂಬುವುದನ್ನು ಕಲಿಸಿದಳು. ದಿನಕ್ಕೆ ಹತ್ತು ಗಂಟೆ ಒಂದೇ ಕಡೆ ಕೂತು ಓದುವ ಆ ಮಕ್ಕಳಿಗೂ ಯಾರಾದರೂ ಮಾತಾಡಿಸುವವರು ಬೇಕಾಗಿತ್ತು. ಎರಡನೇ ಸಲ ಪರೀಕ್ಷೆಯಲ್ಲಿ ಹೋಗಿದೆ, ಮನೆಯಲ್ಲಿ ಹೇಳಿಲ್ಲ ಅಂತ ಒಬ್ಬಳು ನನ್ನ ಹತ್ತಿರ ಅತ್ತಳು. ಅವಳ ಪಕ್ಕದ ಕುರ್ಚಿಯಲ್ಲಿ ಎಂಟು ತಿಂಗಳಿಂದ ಕೂರುತ್ತಿದ್ದ ಹುಡುಗಿಗೆ ಅವಳ ಹೆಸರೂ ಗೊತ್ತಿರಲಿಲ್ಲ.

ಗ್ರಂಥಾಲಯ ಅನ್ನುವುದು ಬೆಳೆಯುವ ಜೀವ ಅಂತ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಹೇಳಿದ್ದರು. ಅವರು ಕೊಟ್ಟ ಐದು ಸೂತ್ರಗಳಲ್ಲಿ ಅದು ಕೊನೆಯದು. ಕೊನೆಗಾಲದಲ್ಲಿ ಅವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಗ್ರಂಥಾಲಯದ ಕೆಲಸಕ್ಕೆ ಬರುವವರೆಲ್ಲ ಈ ಸೂತ್ರಗಳನ್ನು ಪರೀಕ್ಷೆಗೆ ಓದಿಕೊಂಡೇ ಬಂದಿರುತ್ತಾರೆ. ನೀವೂ ಓದಿರುತ್ತೀರಿ.

ಈ ಪತ್ರ ಓದುವ ಊರವರಿಗೆ, ಅದರಲ್ಲೂ ನನ್ನ ಹಾಗೆ ಕೆಲಸದಿಂದ ನಿವೃತ್ತರಾದವರಿಗೆ ಒಂದು ಮಾತು ಹೇಳಬೇಕು. ಲೈಬ್ರರಿ ಮೇಡಂ ಒಬ್ಬರ ಮೇಲೆ ಇದನ್ನೂ ಹೊರಿಸಿದರೆ ಇದು ಎರಡು ತಿಂಗಳೂ ನಡೆಯುವುದಿಲ್ಲ. ಆದೇಶ ಬಂದ ದಿನ ಪ್ರತಿ ಊರಿನಲ್ಲೂ ನಾಲ್ಕೈದು ಜನ ಹೋಗಿ, ಈ ವಾರ ನಾನು ಬರ್ತೀನಿ, ಮುಂದಿನ ವಾರ ಅವರು ಬರ್ತಾರೆ ಅಂತ ಹೇಳಬೇಕು. ನಮ್ಮೂರಿನಲ್ಲಿ ಈಗಾಗಲೇ ಆರು ಜನ ಹೆಸರು ಕೊಟ್ಟಿದ್ದಾರೆ. ಇಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬ ಟೈಲರ್, ಪಿಯುಸಿ ಓದುವ ಒಬ್ಬಳು ಹುಡುಗಿ, ಮತ್ತು ಮೂಡಲಪಾಯ ಯಕ್ಷಗಾನದಲ್ಲಿ ಭಾಗವತರಾಗಿದ್ದ ಒಬ್ಬ ಹಿರಿಯರು. ಕಾಯುತ್ತಿರುವುದು ಬಾಗಿಲಿಗೆ ಮಾತ್ರ.

ಹೆಬ್ಬೆಟ್ಟು ಒತ್ತಿ ಸಾಕಾಗಿದೆ ಅಂದ ಆ ಹೆಣ್ಣುಮಗಳು ಈಗ ಹೆಸರಿನ ಮೊದಲ ಮೂರು ಅಕ್ಷರ ಬರೆಯುತ್ತಾರೆ. ನಾಲ್ಕನೆಯದು ಒತ್ತಕ್ಷರ, ಇನ್ನೂ ಕೈ ತಿರುಗಿಲ್ಲ. ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದು ಅಭ್ಯಾಸ ಮಾಡುತ್ತಿದ್ದಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ಹೊಂಗೆ ಮರದ ಕೆಳಗೆ ಕೂರಲು ಆಗುವುದಿಲ್ಲ. ಅಷ್ಟರೊಳಗೆ ಆ ಒಂದು ಪುಟದ ಆದೇಶ ಕಳಿಸಿಕೊಡಿ ಅಂತ ಕೈಮುಗಿದು ಕೇಳುತ್ತೇನೆ.

ಇಂತಿ,
ಗ್ರಂಥಾಲಯ ಕರ ಕಟ್ಟುವ ಒಬ್ಬ ನಿವೃತ್ತ ಶಿಕ್ಷಕಿ